ಶಿಡ್ಲಘಟ್ಟದ ರೀಲರ್ ಮನೆಯಲ್ಲಿ ಹತ್ತು ಇಂಚಿನ ನೆಟ್‌ಬುಕ್: ಒಂದು ಪ್ರಕರಣ ಅಧ್ಯಯನ

ಶಿಡ್ಲಘಟ್ಟದ ಒಬ್ಬ ರೀಲರ್, ಅಂದರೆ ಗೂಡಿನಿಂದ ರೇಷ್ಮೆ ನೂಲು ಬಿಚ್ಚುವವರು, ನಡೆಸುವ ಘಟಕದ ಲೆಕ್ಕಪತ್ರ ಈಗ ನೆಟ್‌ಬುಕ್ ಎಂಬ ಒಂದು ಹಳೆಯ ಪುಟ್ಟ ಲ್ಯಾಪ್‌ಟಾಪ್‌ನಲ್ಲಿ ನಡೆಯುತ್ತಿದೆ. ಯಂತ್ರ 2010ರ ಕಾಲದ್ದು. ಅದರೊಳಗೆ ಓಡುತ್ತಿರುವ, ವಿಂಡೋಸ್‌ಗೆ ಬದಲಾಗಿ ಬಳಸುವ ಡೆಬಿಯನ್ 13 ಎಂಬ ಉಚಿತ ಲಿನಕ್ಸ್ ವ್ಯವಸ್ಥೆ 2025ರ ಆಗಸ್ಟ್‌ನಲ್ಲಿ ಬಿಡುಗಡೆಯಾದದ್ದು. ಇವೆರಡನ್ನೂ ಹೊಂದಿಸಿದ ಕೆಲಸ ನನ್ನ ಪಾಲಿಗೆ ಬಂತು. ಚಿಕ್ಕಬಳ್ಳಾಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿರುವ ನನ್ನ ಬಳಿಗೆ ಇಂಥ ಯಂತ್ರಗಳು ಇನ್ನೂ ಬರುತ್ತವೆ. ಅಟ್ಟದಿಂದ ಇಳಿಸಿ, ಧೂಳು ಒರೆಸಿ ತಂದವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಇದಕ್ಕೆ ಯಾವ ಲಿನಕ್ಸ್ ಹಾಕಿದರೆ ಓಡುತ್ತದೆ?" ಅದಕ್ಕೆ ಉತ್ತರ ಸಿಗಬೇಕಾದರೆ ಇದರಲ್ಲಿ ಯಾವ ಕೆಲಸ ಆಗಬೇಕು, ಯಾವ ಕೆಲಸವನ್ನು ಇದಕ್ಕೆ ಹೊರಿಸಬಾರದು ಎಂಬುದು ಮೊದಲು ಗೊತ್ತಾಗಬೇಕು. ಈ ಪ್ರಕರಣದಲ್ಲಿ ಅದು ಬಹಳ ಸ್ಪಷ್ಟವಾಗಿ ಗೊತ್ತಾಯಿತು. ವಿವರವಾಗಿ ಬರೆದಿಡಲು ಕಾರಣವೂ ಅದೇ.

ಯಂತ್ರ

ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾದ 2007ರಲ್ಲೇ ಏಸಸ್ ಕಂಪನಿ ಈಈಈ ಪಿಸಿ 701 ಎಂಬ ಏಳು ಇಂಚಿನ ಪುಟ್ಟ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ನೆಟ್‌ಬುಕ್ ಎಂಬ ಜಾತಿ ಜನಪ್ರಿಯವಾದದ್ದು ಅಲ್ಲಿಂದ. ಆ ಮೊದಲ ಮಾದರಿ ಬಂದದ್ದೇ ಲಿನಕ್ಸ್ ಜೊತೆಗೆ ಎಂಬುದು ಇಂದು ಅನೇಕರಿಗೆ ನೆನಪಿಲ್ಲ. ಮರುವರ್ಷ ಇಂಟೆಲ್‌ನ ಆಟಂ ಎನ್270 ಪ್ರೊಸೆಸರ್ ಬಂತು, 2010ರಲ್ಲಿ ಎನ್450 ಬಂತು. ಪರದೆ ಹತ್ತು ಇಂಚಿಗೆ ನಿಂತಿತು. ಅಷ್ಟು ಹೊತ್ತಿಗೆ ಈ ಯಂತ್ರಗಳಲ್ಲಿ ವಿಂಡೋಸ್ 7 ಸ್ಟಾರ್ಟರ್ ತುಂಬಿ ಮಾರುವುದು ರೂಢಿಯಾಗಿತ್ತು. ಪರದೆಯ ಹಿನ್ನೆಲೆಯ ಚಿತ್ರವನ್ನು ಬದಲಾಯಿಸಲೂ ಬಿಡದ ಆವೃತ್ತಿ ಅದು.

ರೀಲರ್ ಮನೆಯ ಯಂತ್ರ ಇದೇ ಪೀಳಿಗೆಯದು. ಆಟಂ ಎನ್450, 1.66 ಗಿಗಾಹರ್ಟ್ಸ್, ಒಂದೇ ತಿರುಳು (ಕೋರ್). ಆದರೆ ಏಕಕಾಲಕ್ಕೆ ಎರಡು ಎಳೆಗಳನ್ನು ನಡೆಸಬಲ್ಲದು. 1 ಜಿಬಿ ರ್ಯಾಮ್, 160 ಜಿಬಿ ಹಾರ್ಡ್ ಡಿಸ್ಕ್, 1024×600 ಚುಕ್ಕಿಗಳ ಪರದೆ. ಮಗ ಕಾಲೇಜಿಗೆ ಸೇರಿದಾಗ ಕೊಂಡದ್ದು. ಅವನು ಓದು ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅದು ಬಟ್ಟೆಯ ಚೀಲವೊಂದರಲ್ಲಿ ಅಟ್ಟ ಸೇರಿತ್ತು.

ಬೇಕಾಗಿದ್ದದ್ದು ಏನು

ಆ ಘಟಕದ ಲೆಕ್ಕ ಬರೆಯುವವರು ಮನೆಯ ಯಜಮಾನಿ. ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ದುಂಡನೆಯ ಅಕ್ಷರಗಳಲ್ಲಿ ಬರೆದುಕೊಂಡು ಬಂದಿದ್ದಾರೆ. ಗೂಡು ಮಾರುಕಟ್ಟೆಯ ಹರಾಜಿನಲ್ಲಿ ಹಿಡಿದ ಲಾಟು (ಒಟ್ಟಿಗೆ ಕೊಂಡ ಗೂಡಿನ ರಾಶಿ), ತೂಕ, ಕೆಜಿಯ ದರ, ಹುಳು ಮಿಶ್ರತಳಿಯದೋ ದ್ವಿತಳಿಯದೋ ಎಂಬ ಗುರುತು, ಆ ಲಾಟಿನಿಂದ ಬಂದ ಕಚ್ಚಾ ರೇಷ್ಮೆ, ಮಾರಿದ ಬೆಲೆ. ಪುಸ್ತಕ ಅಚ್ಚುಕಟ್ಟಾಗಿತ್ತು. ಅದರಲ್ಲಿ ಇಲ್ಲದ್ದು ಒಂದೇ: ಹಿಂತಿರುಗಿ ನೋಡುವ ಅನುಕೂಲ.

ರೀಲಿಂಗ್ ಕಸುಬಿನವರಿಗೆ ರೆಂಡಿಟ್ಟಾ ಎಂಬ ಲೆಕ್ಕ ಪ್ರಾಣ. ಒಂದು ಕೆಜಿ ಕಚ್ಚಾ ರೇಷ್ಮೆ ಬರಲು ಎಷ್ಟು ಕೆಜಿ ಗೂಡು ಬೇಕಾಯಿತು ಎಂಬುದೇ ರೆಂಡಿಟ್ಟಾ. 60 ಕೆಜಿ ಗೂಡಿನಿಂದ 8 ಕೆಜಿ ನೂಲು ಬಂದರೆ ರೆಂಡಿಟ್ಟಾ 7.5. ಅದೇ ಗೂಡಿನಿಂದ ಏಳೂವರೆ ಕೆಜಿ ಮಾತ್ರ ಬಂದರೆ ರೆಂಡಿಟ್ಟಾ 8. ಗೂಡಿನ ದರ ಕೆಜಿಗೆ 600 ರೂಪಾಯಿ ಎಂದು ಇಟ್ಟುಕೊಂಡರೆ ಮೊದಲನೆಯದರಲ್ಲಿ ಒಂದು ಕೆಜಿ ನೂಲಿಗೆ ಗೂಡಿನ ಖರ್ಚೇ 4,500 ರೂಪಾಯಿ, ಎರಡನೆಯದರಲ್ಲಿ 4,800 ರೂಪಾಯಿ. ಕಣ್ಣಿಗೆ ಅರ್ಧ ಅಂಕಿಯ ವ್ಯತ್ಯಾಸ, ಕೈಯಿಂದ ಹೋಗುವುದು ಕೆಜಿಗೆ 300 ರೂಪಾಯಿ. ಯಾವ ಕಡೆಯ ಗೂಡು ಯಾವ ತಿಂಗಳಲ್ಲಿ ಹೇಗೆ ಬಂತು ಎಂದು ಸಾಲಾಗಿ ನೋಡಲು ಸಾಧ್ಯವಾದರೆ ಮುಂದಿನ ಹರಾಜಿನಲ್ಲಿ ಎಷ್ಟಕ್ಕೆ ಕೂಗಬೇಕು ಎಂಬ ಅಂದಾಜು ಗಟ್ಟಿಯಾಗುತ್ತದೆ.

"ನನಗೆ ಬೇಕಾಗಿರುವುದು ಈ ಪುಸ್ತಕವೇ ಸಾರ್. ಆದರೆ ಕೂಡಿಸುವ ಕೆಲಸ, ಭಾಗಿಸುವ ಕೆಲಸ ಅದೇ ಮಾಡಿಕೊಳ್ಳಬೇಕು. ಕನ್ನಡದಲ್ಲೇ ಇರಬೇಕು" ಎಂದರು ಆ ತಾಯಿ. ಇಷ್ಟು ನಿಖರವಾಗಿ ಹೇಳುವ ಗ್ರಾಹಕರು ಅಪರೂಪ. ಅವರ ಈ ಮೂರು ವಾಕ್ಯಗಳೇ ಮುಂದಿನ ಎಲ್ಲ ಆಯ್ಕೆಗಳಿಗೂ ಅಳತೆಗೋಲಾದವು.

ಮೊಬೈಲ್‌ನಲ್ಲೇ ಮಾಡಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಎಂಟು ಕಾಲಂಗಳ ಹಾಳೆಯನ್ನು ಮೊಬೈಲ್‌ನಲ್ಲಿ ದಿನವೂ ತುಂಬಲು ಕುಳಿತವರಿಗೆ ಅದರ ಕಷ್ಟ ಗೊತ್ತು. ಮೇಲಾಗಿ ಆ ಮನೆಯ ಮೊಬೈಲ್ ಹರಾಜಿನ ಹೊತ್ತಿನಲ್ಲಿ ಯಜಮಾನರ ಜೇಬಿನಲ್ಲಿ ಮಾರುಕಟ್ಟೆಯಲ್ಲಿರುತ್ತದೆ.

ಕೆಟ್ಟಿದ್ದು ಯಾವುದು

ಯಂತ್ರ ತಂದಾಗ ಅವರು ಹೇಳಿದ ದೂರುಗಳು ಮೂರು: ತೆರೆದುಕೊಳ್ಳಲು ಬಹಳ ಹೊತ್ತು ಬೇಕು, ಇಂಟರ್‌ನೆಟ್ ಬರುವುದಿಲ್ಲ, ಸ್ವಲ್ಪ ಹೊತ್ತಿಗೆ ಕಾದು ತಾನೇ ಆಫ್ ಆಗುತ್ತದೆ. ಮೂರಕ್ಕೂ ವಿಂಡೋಸ್ ಹಳೆಯದಾದದ್ದೇ ಕಾರಣ ಎಂದು ಅವರಿಗೆ ಯಾರೋ ಹೇಳಿದ್ದರು. ವಿಂಡೋಸ್ 7ಕ್ಕೆ ಭದ್ರತಾ ಪರಿಷ್ಕರಣೆಗಳು 2020ರ ಜನವರಿ 14ಕ್ಕೆ ನಿಂತವು ಎಂಬುದು ನಿಜ. ಅಂಥದ್ದನ್ನು ಇಂಟರ್‌ನೆಟ್‌ಗೆ ಸೇರಿಸಬಾರದು ಎಂಬುದೂ ನಿಜ. ಆದರೆ ಈ ಮೂರು ದೂರುಗಳ ಮೂಲ ಬೇರೆ ಬೇರೆ ಕಡೆ ಇತ್ತು. ಅವನ್ನು ಸರಿಪಡಿಸದೆ ಲಿನಕ್ಸ್ ಹಾಕಿದ್ದರೆ ಅದೇ ದೂರುಗಳು ಲಿನಕ್ಸ್‌ನ ತಲೆಗೆ ಕಟ್ಟಿಕೊಳ್ಳುತ್ತಿದ್ದವು.

ಇಂಟರ್‌ನೆಟ್‌ನ ದೂರು ಎಲ್ಲಕ್ಕಿಂತ ಸ್ವಾರಸ್ಯದ್ದು. ವೈಫೈ ಸರಿಯಾಗಿಯೇ ಸೇರುತ್ತಿತ್ತು. ಆದರೆ ಯಾವ ತಾಣ ತೆರೆದರೂ ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ. ಪರದೆಯ ಮೂಲೆಯ ದಿನಾಂಕ ನೋಡಿದೆ: 2010ರ ಜನವರಿ. ಮದರ್‌ಬೋರ್ಡ್ ಮೇಲಿನ ನಾಣ್ಯದ ಗಾತ್ರದ ಸೆಲ್ ಸತ್ತಿತ್ತು. ಯಂತ್ರದ ಗಡಿಯಾರಕ್ಕೆ ಪ್ರತಿ ಸಲವೂ ಹೊಸ ಹುಟ್ಟು. ತಾಣಗಳ ಭದ್ರತಾ ಪ್ರಮಾಣಪತ್ರಗಳಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಯಂತ್ರದ ಲೆಕ್ಕದಲ್ಲಿ ಆ ಅವಧಿ ಇನ್ನೂ ಶುರುವೇ ಆಗಿಲ್ಲ, ಆದ್ದರಿಂದ ಎಲ್ಲವೂ ಅಸಿಂಧು. ಮಾಮೂಲಿ ಸಿಆರ್2032 ಸೆಲ್ಲೇ ಇದಕ್ಕೂ ಸಾಕು. ಆದರೆ ಅನೇಕ ನೆಟ್‌ಬುಕ್‌ಗಳಲ್ಲಿ ಅದು ಬಟ್ಟಲಿನಲ್ಲಿ ಕೂರದೆ ಪ್ಲಾಸ್ಟಿಕ್ ಹೊದಿಕೆಯೊಳಗೆ ಎರಡು ತಂತಿ ಬೆಸೆದುಕೊಂಡು ಬರುತ್ತದೆ. ತಂತಿಯಿರುವ ಸೆಲ್ಲನ್ನೇ ತರಬೇಕು. ಲೆಕ್ಕ ಬರೆಯುವ ಯಂತ್ರದಲ್ಲಿ ಈ ಸೆಲ್ಲಿನ ಮಹತ್ವ ಎರಡರಷ್ಟು. ದಿನಾಂಕವೇ ತಪ್ಪಾದರೆ ಯಾವ ಲಾಟು ಯಾವ ದಿನದ್ದು ಎಂಬುದೇ ಅಡ್ಡಾದಿಡ್ಡಿಯಾಗುತ್ತದೆ.

ಬಿಸಿಯಾಗಿ ಆಫ್ ಆಗುವ ದೂರಿಗೆ ಕಾರಣ ಬಿಚ್ಚಿದ ಕೂಡಲೇ ಕಂಡಿತು. ಫ್ಯಾನಿನಿಂದ ಗಾಳಿ ಹೊರಹೋಗುವ ತೆಳು ರೆಕ್ಕೆಗಳ ಬಾಯಿಗೆ ಬೂದು ಬಣ್ಣದ ಮೆತ್ತನೆಯ ಪದರ ಕೂತಿತ್ತು. ಬೆರಳಿನಿಂದ ಎಳೆದರೆ ಪಟ್ಟಿಯಂತೆ ಇಡಿಯಾಗಿ ಬಂತು. ಗೂಡಿನ ಮೇಲ್ಪದರದ ಎಳೆಗಳು, ಧೂಳು, ಬೇಯಿಸುವ ಬಾಣಲೆಗಳಿಂದ ಏಳುವ ಆವಿಯ ತೇವ ಸೇರಿ ಅದು ಬಟ್ಟೆಯಷ್ಟೇ ಗಟ್ಟಿಯಾಗಿತ್ತು. ಯಂತ್ರ ಅಟ್ಟ ಸೇರುವ ಮೊದಲು ಕೆಲಕಾಲ ರೀಲಿಂಗ್ ಕೋಣೆಯ ಪಕ್ಕದಲ್ಲೇ ಇತ್ತಂತೆ. ಅದನ್ನು ತೆಗೆದು, ಪ್ರೊಸೆಸರ್ ಮೇಲಿನ ಒಣಗಿದ ಥರ್ಮಲ್ ಪೇಸ್ಟ್ ಕೆರೆದು ಹೊಸದು ಹಚ್ಚಿದ ಮೇಲೆ ತಾನಾಗಿ ಆಫ್ ಆಗುವುದು ನಿಂತಿತು. ಈಗ ಯಂತ್ರ ಇರುವುದು ತೂಕದ ಕೋಣೆಯಲ್ಲಿ. ಮುಚ್ಚಿಟ್ಟಾಗ ಮೇಲೊಂದು ಹತ್ತಿಯ ಬಟ್ಟೆ ಹೊದಿಸುತ್ತಾರೆ, ತೆರೆದಾಗ ತೆಗೆಯುತ್ತಾರೆ.

ನಿಧಾನದ ದೂರಿಗೆ ಕಾರಣ ಎರಡು, ಒಂದಕ್ಕೊಂದು ಗಂಟುಬಿದ್ದವು. 1 ಜಿಬಿ ರ್ಯಾಮ್ ತುಂಬಿದ ಮೇಲೆ ವ್ಯವಸ್ಥೆ ಹಿಂದಿನ ಸಾಮಾನನ್ನು ಡಿಸ್ಕಿಗೆ ಸಾಗಿಸುತ್ತದೆ, ಬೇಕಾದಾಗ ವಾಪಸು ತರುತ್ತದೆ. ನಿಮಿಷಕ್ಕೆ 5,400 ಸುತ್ತು ತಿರುಗುವ ಹಳೆಯ ಡಿಸ್ಕಿಗೆ ಈ ಹೊರುವ ಕೆಲಸವೇ ಭಾರ. ಡಿಸ್ಕಿನ ದೀಪ ಆರದೆ ಉರಿಯುತ್ತಿತ್ತು. ಕೆಳಗೆ ಕಿವಿಯಿಟ್ಟರೆ ಕಟಕಟ ಸದ್ದು ಕೇಳುತ್ತಿತ್ತು. ಪ್ರೊಸೆಸರ್ ಮಾತ್ರ ಬಹುಪಾಲು ಹೊತ್ತು ಸುಮ್ಮನೆ ಕಾಯುತ್ತಿತ್ತು. ನೆಟ್‌ಬುಕ್ ನಿಧಾನವಾದರೆ ಪ್ರೊಸೆಸರ್ ಸಣ್ಣದು ಎಂದು ಎಲ್ಲರೂ ಬೈಯುತ್ತಾರೆ. ಲೆಕ್ಕದ ಹಾಳೆಯ ಮಟ್ಟಿಗೆ ಆ ಬೈಗುಳ ಅನ್ಯಾಯ.

ಡಿಸ್ಕಿನ ಜಾಗಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ಚುರುಕಾದ ಡಿಸ್ಕ್, ಕೂರಿಸಿದೆವು. ಹಳೆಯ ಡಿಸ್ಕ್ 9.5 ಮಿಲಿಮೀಟರ್ ದಪ್ಪ, ಎಸ್‌ಎಸ್‌ಡಿ 7 ಮಿಲಿಮೀಟರ್. ನಡುವಿನ ಸಂದಿಗೆ ರಟ್ಟಿನ ತುಂಡು ಸಾಕಾಯಿತು. ರ್ಯಾಮ್ ಕೊಳ್ಳುವಾಗ ಎಚ್ಚರ ಬೇಕು. ಎನ್450 ಡಿಡಿಆರ್2 ಬಯಸುತ್ತದೆ. ಅದರ ಅವಳಿಯಂತಿರುವ ಎನ್455 ಡಿಡಿಆರ್3 ಹಿಡಿಯುತ್ತದೆ. ಎರಡರ ಕಚ್ಚು ಬೇರೆ, ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಎರಡಕ್ಕೂ ಮಿತಿ 2 ಜಿಬಿ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ 2 ಜಿಬಿಯ ಹಳೆಯ ಡಿಡಿಆರ್2 ಪಟ್ಟಿ ಸಿಕ್ಕಿತು. ಕೈಯಲ್ಲಿ ಒಂದಕ್ಕೆ ಮಾತ್ರ ಹಣವಿದ್ದರೆ ಎಸ್‌ಎಸ್‌ಡಿಯನ್ನೇ ಆರಿಸಿ ಎಂದು ನಾನು ಹೇಳುತ್ತೇನೆ. ರ್ಯಾಮ್ ಕಡಿಮೆಯಿದ್ದರೂ ಸಾಗಾಟ ಚುರುಕಾದರೆ ಯಂತ್ರ ಸಹನೀಯವಾಗುತ್ತದೆ.

ಯಾವ ಲಿನಕ್ಸ್, ಏಕೆ

ಈ ಹೊತ್ತಿಗೆ ಪ್ರಶ್ನೆ ಸಣ್ಣದಾಗಿತ್ತು. ಲೆಕ್ಕದ ಹಾಳೆ, ಕನ್ನಡ ಟೈಪಿಂಗ್, ಮತ್ತೆ ಮತ್ತೆ ರಿಪೇರಿಗೆ ತರಬೇಕಾಗದ ಸ್ಥಿರತೆ. ಇಷ್ಟು ಕೊಡುವ ವ್ಯವಸ್ಥೆಗಳು ಹಲವಿವೆ. ಆದರೆ ಹಳೆಯ ಆಟಂ ಎಂದರೆ ಎರಡು ಬಾಗಿಲುಗಳನ್ನು ತಟ್ಟಿ ನೋಡಲೇಬೇಕು.

ಮೊದಲನೆಯದು ಪ್ರೊಸೆಸರ್ ಒಂದು ಸಲಕ್ಕೆ ನಿಭಾಯಿಸುವ ದತ್ತಾಂಶದ ಅಳತೆ 32 ಬಿಟ್ಟೋ 64 ಬಿಟ್ಟೋ ಎಂಬುದು. ಎನ್270 ಬರೀ 32 ಬಿಟ್‌ನದು. ಎನ್450 64 ಬಿಟ್ ವ್ಯವಸ್ಥೆಯನ್ನೂ ನಡೆಸಬಲ್ಲದು. ಕಾರ್ಖಾನೆಯಿಂದ ಬರುವಾಗ 32 ಬಿಟ್ ವಿಂಡೋಸ್ ಇದ್ದ ಕಾರಣ ಅನೇಕರು ಯಂತ್ರವೇ 32 ಬಿಟ್ ಎಂದು ತಿಳಿದಿರುತ್ತಾರೆ. 2 ಜಿಬಿ ಯಂತ್ರದಲ್ಲಿ 32 ಬಿಟ್ ವ್ಯವಸ್ಥೆ ಸ್ವಲ್ಪ ಕಡಿಮೆ ಜಾಗ ತಿನ್ನುತ್ತದೆ, ನಿಜ. ಆದರೆ ಆ ದಾರಿ ಮುಚ್ಚುತ್ತಿದೆ. ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಅನುಸ್ಥಾಪಕವೂ ಇಲ್ಲ, ವ್ಯವಸ್ಥೆಯ ಮೂಲಭಾಗವಾದ ಕರ್ನೆಲ್ಲೂ ಇಲ್ಲ. ಫೈರ್‌ಫಾಕ್ಸ್ 144ನೆಯ ಆವೃತ್ತಿಯ ನಂತರ 32 ಬಿಟ್ ಲಿನಕ್ಸನ್ನು ಕೈಬಿಟ್ಟಿತು. ಕ್ರೋಮ್ 2016ರಲ್ಲೇ ಬಿಟ್ಟಿತ್ತು. 64 ಬಿಟ್ ನಡೆಸಬಲ್ಲ ಯಂತ್ರಕ್ಕೆ ಇಂದು 32 ಬಿಟ್ ಹಾಕುವುದೆಂದರೆ ಇನ್ನೆರಡು ವರ್ಷಕ್ಕೆ ಮತ್ತೆ ಇದೇ ಕೆಲಸಕ್ಕೆ ಕೂರುವುದು. ಎನ್270 ಇದ್ದವರ ಮಾತು ಬೇರೆ. ಅವರಿಗೆ ಡೆಬಿಯನ್ 12ರ 32 ಬಿಟ್ ಆವೃತ್ತಿ, ಅದರ ಮೇಲೆ ಕಟ್ಟಿದ ಆಂಟಿಎಕ್ಸ್ 23 ಇನ್ನೂ ಇವೆ.

ಎರಡನೆಯ ಬಾಗಿಲು ಅಷ್ಟು ಪರಿಚಿತವಲ್ಲ. 64 ಬಿಟ್ ಎಂದ ಮಾತ್ರಕ್ಕೆ ಎಲ್ಲ 64 ಬಿಟ್ ಲಿನಕ್ಸ್‌ಗಳೂ ಓಡುವುದಿಲ್ಲ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9 ಮತ್ತು ಅದರ ಬಳಗದವು ಪ್ರೊಸೆಸರ್‌ನಲ್ಲಿ ಎಸ್‌ಎಸ್‌ಇ4.2ರಂಥ ಆದೇಶಗಳು ಇರಲೇಬೇಕು ಎನ್ನುತ್ತವೆ. ಈ ಪೀಳಿಗೆಯ ಆಟಂನಲ್ಲಿ ಅವಿಲ್ಲ. ಡೆಬಿಯನ್ ಇನ್ನೂ ಮೂಲ 64 ಬಿಟ್ ಆದೇಶಗಳಿಗೇ ನಿಂತಿದೆ. ಈ ಔದಾರ್ಯಕ್ಕೆ ನಾನು ಕೃತಜ್ಞ. ನಮ್ಮ ಸಣ್ಣ ಊರುಗಳಲ್ಲಿ ಯಂತ್ರಗಳ ಆಯುಷ್ಯ ಉಳಿದಿರುವುದು ಇಂಥ ನಿರ್ಧಾರಗಳಿಂದ.

ಇನ್ನೊಂದು ಮಾತು, ಅಟ್ಟದಿಂದ ಯಂತ್ರ ಇಳಿಸುವವರಿಗೆ. ಎನ್450ರ ಒಳಗಿನ ಜಿಎಂಎ 3150 ಗ್ರಾಫಿಕ್ಸ್ ಇಂಟೆಲ್‌ನದೇ ವಿನ್ಯಾಸ, ಲಿನಕ್ಸ್‌ಗೆ ಚಿರಪರಿಚಿತ. ಆದರೆ ಜಿಎಂಎ 500 ಇರುವ ಝಡ್ ಸರಣಿಯ ಆಟಂಗಳು, ಆಮೇಲೆ ಬಂದ ಎನ್2600, ಎನ್2800 ಇವೆಲ್ಲ ಪವರ್‌ವಿಆರ್ ವಿನ್ಯಾಸದವು. ಅವುಗಳಿಗೆ ಲಿನಕ್ಸ್‌ನಲ್ಲಿ ಒಳ್ಳೆಯ ಚಾಲಕ ತಂತ್ರಾಂಶ ಬರಲೇ ಇಲ್ಲ. ಹೊಸ ಮಾದರಿ ಎಂದು ಹಿಗ್ಗಿ ಕೊಂಡವರು ಹಳೆಯದನ್ನು ಕೊಂಡವರಿಗಿಂತ ಹೆಚ್ಚು ಪಾಡುಪಡುತ್ತಾರೆ.

ಹಾಕಿದ ಬಗೆ

ಅನುಸ್ಥಾಪನೆಯಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಪೆನ್‌ಡ್ರೈವ್‌ಗೆ ಬರೆದು, ಮೊಬೈಲ್‌ನ ಯುಎಸ್‌ಬಿ ಟೆದರಿಂಗ್‌ನಿಂದ ಇಂಟರ್‌ನೆಟ್ ಕೊಟ್ಟು ಶುರುಮಾಡಿದೆ. ಡೆಬಿಯನ್‌ನ ಚಿತ್ರಾತ್ಮಕ ಅನುಸ್ಥಾಪಕದಲ್ಲಿ ಭಾಷೆಗಳ ಪಟ್ಟಿಯಲ್ಲೇ ಕನ್ನಡ ಇದೆ. ಅಕ್ಷರಮಾತ್ರದ ಅನುಸ್ಥಾಪಕದಲ್ಲಿ ಇಲ್ಲ. ವೈಫೈ ಚಿಪ್ಪಿಗೆ ಬೇಕಾದ ಫರ್ಮ್‌ವೇರ್ ಹುಡುಕಿ ಅಲೆಯುವ ಕಾಲ ಮುಗಿದಿದೆ. ಡೆಬಿಯನ್ 12ರಿಂದ ಅದು ಅನುಸ್ಥಾಪಕದ ಜೊತೆಗೇ ಬರುತ್ತದೆ. ಡೆಸ್ಕ್‌ಟಾಪ್‌ಗೆ ಎಲ್‌ಎಕ್ಸ್‌ಕ್ಯೂಟಿ ಎಂಬ ಹಗುರ ಪರಿಸರ ಆರಿಸಿದೆ. ಕಿಟಕಿ, ಮೆನು, ಫಲಕ ಎಲ್ಲವೂ ವಿಂಡೋಸ್ ನೋಡಿದವರಿಗೆ ಪರಿಚಿತ. ಏನೂ ತೆರೆಯದಿದ್ದಾಗ ಅರ್ಧ ಜಿಬಿ ರ್ಯಾಮ್‌ನ ಒಳಗೇ ನಿಲ್ಲುತ್ತದೆ.

ಕೈಯಿಟ್ಟು ಬದಲಾಯಿಸಬೇಕಾದದ್ದು ಎರಡು. ಡೆಬಿಯನ್ 13ರಲ್ಲಿ ತಾತ್ಕಾಲಿಕ ಕಡತಗಳ ಟಿಎಂಪಿ ಕೋಶ ಡಿಸ್ಕಿನ ಬದಲು ರ್ಯಾಮ್‌ನಲ್ಲಿ ಇರುತ್ತದೆ. ದೊಡ್ಡ ಯಂತ್ರಗಳಿಗೆ ಇದು ಒಳ್ಳೆಯದೇ. 2 ಜಿಬಿ ಯಂತ್ರದಲ್ಲಿ ಯಾವುದೋ ದೊಡ್ಡ ಪಿಡಿಎಫ್ ಬಿಚ್ಚಿದರೆ ಅದು ಗೊತ್ತಿಲ್ಲದಂತೆ ರ್ಯಾಮನ್ನೇ ನುಂಗುತ್ತದೆ. ಲಿನಕ್ಸ್‌ನ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಂಡಿಯಲ್ಲಿ 'ಟಿಎಂಪಿ ಡಾಟ್ ಮೌಂಟ್' ಎಂಬ ಘಟಕವನ್ನು ಮಾಸ್ಕ್ ಮಾಡಿ (ಶುರುವಾಗದಂತೆ ತಡೆದು) ಮರುಚಾಲನೆ ಮಾಡಿದರೆ ಆ ಕೋಶ ಡಿಸ್ಕಿಗೆ ಮರಳುತ್ತದೆ.

ಎರಡನೆಯದು ಝಡ್‌ರ್ಯಾಮ್. ರ್ಯಾಮ್‌ನ ಒಂದು ಪಾಲನ್ನು ಕರ್ನೆಲ್ ಸಂಕುಚಿತ ಉಗ್ರಾಣವಾಗಿ ಬಳಸುತ್ತದೆ. ಜಾಗ ಸಾಲದೆ ಬಂದಾಗ ಹಿಂದಿನ ಸಾಮಾನನ್ನು ಡಿಸ್ಕಿಗೆ ಸಾಗಿಸುವ ಬದಲು ಹಿಂಡಿ ಇಲ್ಲೇ ಇಡುತ್ತದೆ. ಚೆನ್ನಾಗಿ ಹಿಂಡುವ ಝಡ್‌ಎಸ್‌ಟಿಡಿ ವಿಧಾನಕ್ಕಿಂತ ಬೇಗ ಹಿಂಡುವ ಎಲ್‌ಝಡ್4 ಈ ಪ್ರೊಸೆಸರ್‌ಗೆ ಹಿತ. ರ್ಯಾಮ್‌ನ ಅರ್ಧದಷ್ಟನ್ನು ಇದಕ್ಕೆ ಗೊತ್ತುಮಾಡಿದೆ. ಲೆಕ್ಕದ ಹಾಳೆಯೊಂದಿಗೆ ಬ್ರೌಸರ್ ತೆರೆದಾಗಲೂ ಯಂತ್ರ ಹೆಪ್ಪುಗಟ್ಟಿ ನಿಲ್ಲುವುದು ತಪ್ಪಿದ್ದು ಇದರಿಂದ.

ಲೆಕ್ಕದ ಹಾಳೆಗೆ ಲಿಬ್ರೆಆಫೀಸ್‌ನ ಕ್ಯಾಲ್ಕ್ ಬದಲು ನ್ಯೂಮೆರಿಕ್ ಕೊಟ್ಟೆ. ಲಿಬ್ರೆಆಫೀಸ್ ಒಳ್ಳೆಯ ತಂತ್ರಾಂಶ, ಅದರ ಕನ್ನಡ ಅನುವಾದದ ಪ್ಯಾಕೇಜೂ ಡೆಬಿಯನ್‌ನ ತಂತ್ರಾಂಶ ಭಂಡಾರದಲ್ಲಿದೆ. ಆದರೆ ತೆರೆಯಲು ತಡ. ತಕ್ಕಡಿಯ ಮುಂದೆ ಜನ ನಿಂತಿರುವಾಗ ಕಾಯಿಸುವ ತಂತ್ರಾಂಶವನ್ನು ಯಾರೂ ಬಳಸುವುದಿಲ್ಲ, ಪುಸ್ತಕಕ್ಕೇ ಮರಳುತ್ತಾರೆ. ನ್ಯೂಮೆರಿಕ್ ಹಗುರ, ಸೂತ್ರಗಳಲ್ಲಿ ಗಟ್ಟಿ, ಲೆಕ್ಕಪರಿಶೋಧಕರಿಗೆ ಕೊಡಲು ಎಕ್ಸೆಲ್ ರೂಪದಲ್ಲೂ ಉಳಿಸುತ್ತದೆ.

ಕನ್ನಡ

ಈ ಪ್ರಕರಣದ ಜೀವ ಇರುವುದು ಇಲ್ಲಿ. ಆ ತಾಯಿ ಹಿಂದೊಮ್ಮೆ ಚಿಂತಾಮಣಿಯ ಒಂದು ಟೈಪಿಂಗ್ ಕೇಂದ್ರದಲ್ಲಿ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ ಕಲಿತವರು. ವರ್ಷಗಳಿಂದ ಕೀಲಿಮಣೆ ಮುಟ್ಟಿರಲಿಲ್ಲ. ಕನ್ನಡವನ್ನು ಇಂಗ್ಲಿಷ್ ಕಾಗುಣಿತದಲ್ಲಿ ಹೊಡೆಯುವ ಮೊಬೈಲ್ ಅಭ್ಯಾಸ ಅವರಿಗೆ ಹಿಡಿಸಿರಲಿಲ್ಲ. ಐಬಸ್ ಎಂಬ ಇನ್‌ಪುಟ್ ವ್ಯವಸ್ಥೆಗೆ ಎಂ17ಎನ್ ಸಂಗ್ರಹ ಸೇರಿಸಿದರೆ ಕನ್ನಡಕ್ಕೆ ಹಲವು ವಿನ್ಯಾಸಗಳು ಸಿಗುತ್ತವೆ. ಅವುಗಳಲ್ಲಿ ಕೆಜಿಪಿ ಎಂಬುದು ಕನ್ನಡ ಗಣಕ ಪರಿಷತ್ತಿನ ವಿನ್ಯಾಸ, ನುಡಿಯಲ್ಲಿರುವುದೇ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಆಧಾರದ ಮೇಲೆ ಬಂದದ್ದು.

ಆ ವಿನ್ಯಾಸ ಹಾಕಿ ಯಂತ್ರವನ್ನು ಅವರ ಮುಂದಿಟ್ಟೆ. ಬೆರಳುಗಳು ಒಂದು ಕ್ಷಣ ಕೀಲಿಗಳ ಮೇಲೆ ನಿಂತವು. ಆಮೇಲೆ ಕೆ, ಎನ್, ಎಫ್, ಎನ್, ಡಬ್ಲ್ಯೂ. ಪರದೆಯ ಮೇಲೆ 'ಕನ್ನಡ' ಎಂದು ಮೂಡಿತು. ಎಫ್ ಒತ್ತಿದರೆ ಒತ್ತಕ್ಷರ ಬರುತ್ತದೆ, ಡಬ್ಲ್ಯೂ ಒತ್ತಿದರೆ ಡಕಾರ ಬರುತ್ತದೆ ಎಂಬುದನ್ನು ಯಾರೂ ನೆನಪಿಸಬೇಕಾಗಲಿಲ್ಲ. "ಅಯ್ಯೋ, ಕೈಗೆ ಇನ್ನೂ ಗೊತ್ತಿದೆ ಸಾರ್" ಎಂದು ಅವರು ನಕ್ಕ ಗಳಿಗೆಯಲ್ಲೇ ಈ ಯಂತ್ರ ಬಳಕೆಗೆ ಬರುತ್ತದೆ ಎಂದು ನನಗೆ ಖಾತ್ರಿಯಾಯಿತು. ಎಷ್ಟೇ ವೇಗದ ಯಂತ್ರ ಕೊಟ್ಟಿದ್ದರೂ ವಿನ್ಯಾಸ ಬೇರೆಯಾಗಿದ್ದರೆ ಅದು ಮತ್ತೆ ಅಟ್ಟಕ್ಕೇ ಹೋಗುತ್ತಿತ್ತು.

ಹಳೆಯ ಡಿಸ್ಕಿನಲ್ಲಿ ಅವರದೇ ಕೆಲವು ಕಡತಗಳಿದ್ದವು. ಗೂಡು ಕೊಡುವ ರೈತರ ಪಟ್ಟಿ, ಬ್ಯಾಂಕಿಗೆ ಬರೆದ ಅರ್ಜಿಗಳು. ತೆರೆದರೆ ಇಂಗ್ಲಿಷ್ ಅಕ್ಷರ, ನೆತ್ತಿಯ ಮೇಲೆ ಚುಕ್ಕಿ ಗೆರೆಗಳಿರುವ ಯೂರೋಪಿನ ಅಕ್ಷರ ಎಲ್ಲ ಕಲಸಿಟ್ಟಂತೆ ಕಾಣುತ್ತಿತ್ತು. ಕಡತ ಕೆಟ್ಟಿರಲಿಲ್ಲ. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುಂಚಿನ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಜಾಗದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದ್ದವು. ಆ ಫಾಂಟು ಇಲ್ಲದ ಕಡೆ ಒಳಗಿನ ಸಂಕೇತ ಬೆತ್ತಲಾಗಿ ಕಾಣುತ್ತದೆ. ಇದನ್ನು ಯೂನಿಕೋಡ್‌ಗೆ ತಿರುಗಿಸುವ ಉಚಿತ ಪರಿವರ್ತಕಗಳಿವೆ. ಬಹುಪಾಲು ಸರಿಯಾಗಿಯೇ ಬಂತು. ಪರಿಶೀಲಿಸಬೇಕಾದದ್ದು ಅರ್ಕಾವತ್ತನ್ನು. ಹಳೆಯ ಪದ್ಧತಿಯಲ್ಲಿ 'ವರ್ಷ' ಎಂಬುದು ವ, ಷ, ಅದರ ಬಲಕ್ಕೆ ಅರ್ಕಾವತ್ತು ಎಂದು ಕಣ್ಣಿಗೆ ಕಾಣುವ ಕ್ರಮದಲ್ಲೇ ದಾಖಲಾಗಿರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ: ವ, ರ, ಹಲಂತ, ಷ. ಪರಿವರ್ತಕ ಇಲ್ಲಿ ಮುಗ್ಗರಿಸಿದರೆ ರಕಾರ ಪಕ್ಕದ ಅಕ್ಷರಕ್ಕೆ ಜಿಗಿಯುತ್ತದೆ. ಹೆಸರಿನ ಪಟ್ಟಿಯಲ್ಲಿ ಇಂಥ ಒಂದು ತಪ್ಪು ಉಳಿದರೂ ಹುಡುಕಿದಾಗ ಆ ರೈತನೇ ಸಿಗುವುದಿಲ್ಲ. ತಾಯಿ ಮತ್ತು ನಾನು ಪಟ್ಟಿಯನ್ನು ಸಾಲು ಸಾಲಾಗಿ ಓದಿ ತಿದ್ದಿದೆವು.

ಫಾಂಟಿನ ಆಯ್ಕೆ ಸುಲಭವೆಂದುಕೊಂಡಿದ್ದೆ, ಅದು ಪರದೆಯ ಎತ್ತರದ ಜೊತೆ ತಗುಲಿಕೊಂಡಿತು. 600 ಗೆರೆಗಳ ಎತ್ತರದಲ್ಲಿ ಇಂಗ್ಲಿಷ್ ಹಾಳೆಯ ಸಾಲುಗಳು ಧಾರಾಳವಾಗಿ ಹಿಡಿಸುತ್ತವೆ. ಕನ್ನಡದ ಅಕ್ಷರ ಕೆಳಕ್ಕೂ ಬೆಳೆಯುತ್ತದೆ. 'ಲಕ್ಷ್ಮಮ್ಮ' ಎಂಬ ಹೆಸರನ್ನೇ ನೋಡಿ: ಷಕಾರದ ಒತ್ತಿನ ಜೊತೆ ಮಕಾರದ ಒತ್ತು, ಅದರ ಪಕ್ಕದಲ್ಲಿ ಇನ್ನೊಂದು ಮಕಾರದ ಒತ್ತು. ಸಾಲಿನ ಎತ್ತರ ಇಂಗ್ಲಿಷಿನ ಅಳತೆಯಲ್ಲೇ ಇದ್ದರೆ ಕೆಳಗಿನ ಒತ್ತು ಅರ್ಧಕ್ಕೆ ಕತ್ತರಿಸಿಹೋಗುತ್ತದೆ, ಮಕಾರವೋ ಯಕಾರವೋ ತಿಳಿಯುವುದಿಲ್ಲ. ಸಾಲು ಎತ್ತರಿಸಿದರೆ ಒಂದು ಪರದೆಯಲ್ಲಿ ಕಾಣುವ ಲಾಟುಗಳು ಕಡಿಮೆಯಾಗುತ್ತವೆ. ಲೋಹಿತ್, ನೋಟೋ, ಗುಬ್ಬಿ ಮೂರನ್ನೂ ಒಂದೇ ಹಾಳೆಗೆ ಹಾಕಿ ಅವರಿಗೆ ತೋರಿಸಿದೆ. ಮೂರೂ ಡೆಬಿಯನ್ ಭಂಡಾರದಲ್ಲೇ ಇವೆ. ಅವರು ಗುಬ್ಬಿಯನ್ನು ಆರಿಸಿದರು. ಕನ್ನಡಕ ಇಲ್ಲದೆಯೂ ಓದಬಹುದು ಎಂಬುದು ಅವರು ಕೊಟ್ಟ ಕಾರಣ.

ಎತ್ತರದ ಕೊರತೆಯನ್ನು ಬೇರೆ ಕಡೆಯಿಂದ ತುಂಬಿಕೊಂಡೆವು. ಕೆಳಗಿನ ಫಲಕವನ್ನು ಪರದೆಯ ಎಡಬದಿಗೆ ನಿಲ್ಲಿಸಿದೆ. ಅಗಲ 1024 ಇದೆ, ಅದರಲ್ಲಿ ಸ್ವಲ್ಪ ಹೋದರೂ ನಷ್ಟವಿಲ್ಲ. ನ್ಯೂಮೆರಿಕ್‌ನ ಸಲಕರಣೆ ಪಟ್ಟಿಗಳಲ್ಲಿ ಬಳಸದವನ್ನು ಮುಚ್ಚಿದೆ. ಕೆಲವು ಸಂವಾದ ಕಿಟಕಿಗಳು ಇನ್ನೂ ಪರದೆಗಿಂತ ಎತ್ತರವಾಗಿ ಬಂದು, 'ಸರಿ' ಎಂಬ ಗುಂಡಿಯೇ ಕೆಳಗೆ ಮರೆಯಾಗುತ್ತದೆ. ಆಲ್ಟ್ ಕೀಲಿ ಒತ್ತಿಹಿಡಿದು ಕಿಟಕಿಯನ್ನು ಎಲ್ಲಿ ಬೇಕಾದರೂ ಹಿಡಿದು ಮೇಲಕ್ಕೆ ಎಳೆಯಬಹುದು. ಇದೊಂದನ್ನು ಕಾಗದದಲ್ಲಿ ಬರೆದು ಮುಚ್ಚಳದ ಅಂಚಿಗೆ ಅಂಟಿಸಿದ್ದೇನೆ.

ಆಗದ ಕೆಲಸಗಳು

ವೀಡಿಯೊ ಆಗುವುದಿಲ್ಲ. ಇಂದಿನ ವೀಡಿಯೊಗಳಲ್ಲಿ ಬಳಕೆಯಲ್ಲಿರುವ ಎಚ್.264ರಂಥ ಸಂಕೇತಗಳನ್ನು ಬಿಡಿಸುವ ವ್ಯವಸ್ಥೆ ಜಿಎಂಎ 3150ರಲ್ಲಿ ಇಲ್ಲ. ಎಲ್ಲ ಭಾರವೂ ಆ ಒಂದು ತಿರುಳಿನ ಮೇಲೇ ಬೀಳುತ್ತದೆ. ಮೊಮ್ಮಗುವಿಗೆ ಹಾಡು ತೋರಿಸಬಹುದೇ ಎಂದು ಕೇಳಿದಾಗ ಆಗದು, ಮೊಬೈಲ್‌ನಲ್ಲಿ ತೋರಿಸಿ ಎಂದೆ.

ವಾಟ್ಸಾಪ್ ವೆಬ್ ತೆರೆಯುತ್ತದೆ, ಆದರೆ ಅದೊಂದೇ ಯಂತ್ರವನ್ನು ತುಂಬಿಕೊಳ್ಳುತ್ತದೆ. ಫೈರ್‌ಫಾಕ್ಸ್‌ನ ದೀರ್ಘ ಬೆಂಬಲದ ಇಎಸ್‌ಆರ್ ಆವೃತ್ತಿ ಹಾಕಿ, ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಸೇರಿಸಿದ್ದೇನೆ. ಒಂದು ತಾಣ, ಹೆಚ್ಚೆಂದರೆ ಎರಡು. ಅದಕ್ಕಿಂತ ಹೆಚ್ಚು ಇದರಿಂದ ನಿರೀಕ್ಷಿಸಬಾರದು ಎಂದು ನೇರವಾಗಿ ಹೇಳಿದೆ. ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿಕೊಡುವವರು ಈ ಮಾತನ್ನು ಮುಚ್ಚಿಡುವುದು ನನಗೆ ಸರಿಕಾಣುವುದಿಲ್ಲ. ಹೊಸದರಂತೆ ಓಡುತ್ತದೆ ಎಂದು ನಂಬಿಸಿ ಕಳುಹಿಸಿದರೆ ವಾರದೊಳಗೆ ಅವರಿಗೆ ನಿರಾಸೆಯಾಗುತ್ತದೆ, ಲಿನಕ್ಸ್ ಮೇಲಿನ ನಂಬಿಕೆಯೂ ಹೋಗುತ್ತದೆ.

ಮುದ್ರಕವೂ ಕೈಕೊಟ್ಟಿತು. ಮನೆಯಲ್ಲಿದ್ದ ಹಳೆಯ ಲೇಸರ್ ಮುದ್ರಕಕ್ಕೆ ತಯಾರಕರದೇ ಮುಚ್ಚಿದ ಚಾಲಕ ತಂತ್ರಾಂಶ ಬೇಕು, ಅದನ್ನು ಡೆಬಿಯನ್ 13ರಲ್ಲಿ ನಡೆಸಲು ಆಗಲಿಲ್ಲ. ಈಗ ಹಾಳೆಯನ್ನು ಪಿಡಿಎಫ್ ಮಾಡಿ ಪೆನ್‌ಡ್ರೈವ್‌ನಲ್ಲಿ ಬಸ್ ನಿಲ್ದಾಣದ ಬಳಿಯ ಜೆರಾಕ್ಸ್ ಅಂಗಡಿಗೆ ಒಯ್ಯುತ್ತಾರೆ. ತಿಂಗಳಿಗೊಮ್ಮೆಯ ಕೆಲಸವಾದ್ದರಿಂದ ನಡೆಯುತ್ತಿದೆ.

ಈಗಿನ ಸ್ಥಿತಿ

ಬ್ಯಾಟರಿ ಸತ್ತಿದೆ. ಹೊಂದುವ ಹೊಸ ಬ್ಯಾಟರಿಗಳೆಂದು ಮಾರುವವುಗಳ ಗುಣಮಟ್ಟದ ಮೇಲೆ ನನಗೆ ಭರವಸೆಯಿಲ್ಲದ ಕಾರಣ ಹಾಕಿಸಲಿಲ್ಲ. ಅದರ ಬದಲು ಮನೆಯ ಇನ್ವರ್ಟರ್‌ನಿಂದ ಒಂದು ಪ್ಲಗ್ಗು ಎಳೆಸಿದೆವು. ಇದರ ಅಡಾಪ್ಟರ್ 19 ವೋಲ್ಟ್, 2.1 ಆಂಪಿಯರ್, ಪೂರ್ತಿ ಎಳೆದರೂ 40 ವಾಟ್. ಕರೆಂಟ್ ಹೋದರೂ ಸಂಜೆಯ ಲೆಕ್ಕ ನಿಲ್ಲುವುದಿಲ್ಲ. ನ್ಯೂಮೆರಿಕ್‌ನಲ್ಲಿ ತಾನಾಗಿ ಉಳಿಸುವ ಅವಧಿಯನ್ನೂ ಕಡಿಮೆ ಮಾಡಿದ್ದೇನೆ.

ಡೆಸ್ಕ್‌ಟಾಪ್ ಮೇಲೆ 'ನಕಲು ಇಡು' ಎಂಬ ಗುರುತೊಂದಿದೆ. ಪೆನ್‌ಡ್ರೈವ್ ಚುಚ್ಚಿ ಅದನ್ನು ಒತ್ತಿದರೆ ಲೆಕ್ಕದ ಕೋಶ ಅಂದಿನ ದಿನಾಂಕದ ಹೆಸರಿನಲ್ಲಿ ಪೆನ್‌ಡ್ರೈವ್‌ಗೆ ಹೋಗುತ್ತದೆ. ಆ ಪೆನ್‌ಡ್ರೈವ್ ದೇವರ ಕೋಣೆಯ ಪೆಟ್ಟಿಗೆಯಲ್ಲಿ ಇರುತ್ತದೆ. ಲೆಕ್ಕದ ಪುಸ್ತಕವನ್ನೂ ಅವರು ನಿಲ್ಲಿಸಿಲ್ಲ. ನಿಲ್ಲಿಸಿ ಎಂದು ನಾನೂ ಹೇಳಿಲ್ಲ.

ರೆಂಡಿಟ್ಟಾ ಕಾಲಂನಲ್ಲಿ ಅವರು ಗೊತ್ತುಮಾಡಿದ ಮಿತಿ ದಾಟಿದ ಲಾಟು ಕೆಂಪಾಗುತ್ತದೆ. ಮೊದಲ ಬಾರಿ ಹಾಳೆ ಪೂರ್ತಿ ತುಂಬಿದಾಗ ಕೆಂಪು ಸಾಲುಗಳು ಹೆಚ್ಚಾಗಿ ಮಳೆಗಾಲದ ಲಾಟುಗಳ ಬಳಿ ಗುಂಪಾಗಿದ್ದವು. ಯಜಮಾನರು ಅದನ್ನು ಬಹಳ ಹೊತ್ತು ನೋಡಿದರು. ತೇವದ ದಿನಗಳಲ್ಲಿ ನೂಲು ಸರಿಯಾಗಿ ಬಿಚ್ಚುವುದಿಲ್ಲ ಎಂಬುದು ಅವರಿಗೆ ಹೊಸ ವಿಷಯವಲ್ಲ. ಅದು ಕೆಜಿಗೆ ಎಷ್ಟು ರೂಪಾಯಿ ಎಂಬುದು ಹೊಸದು. "ಹಾಗಾದರೆ ಆ ದಿನಗಳಲ್ಲಿ ಕೂಗುವಾಗ ಇಷ್ಟು ಇಳಿಸಿಯೇ ಕೂಗಬೇಕು" ಎಂದು ಹೆಂಡತಿಯ ಕಡೆ ನೋಡಿ ಹೇಳಿದರು.

ಡೆಬಿಯನ್ 13ಕ್ಕೆ ಪೂರ್ಣ ಬೆಂಬಲ 2028ರ ಆಗಸ್ಟ್‌ವರೆಗೆ, ದೀರ್ಘಾವಧಿ ಬೆಂಬಲ 2030ರ ಜೂನ್‌ವರೆಗೆ ಇದೆ. ಪರಿಷ್ಕರಣೆಗಳು ತಾವಾಗಿ ಇಳಿಯುವುದನ್ನು ನಿಲ್ಲಿಸಿದ್ದೇನೆ. ಕೆಲಸದ ನಡುವೆ ಅದು ಶುರುವಾದರೆ ಈ ಪ್ರೊಸೆಸರ್ ಬಳಲುತ್ತದೆ. ಮಾರುಕಟ್ಟೆಗೆ ರಜೆಯಿರುವ ದಿನ ಅವರೇ ಒಂದು ಗುಂಡಿ ಒತ್ತಿ ಇಳಿಸಿಕೊಳ್ಳುತ್ತಾರೆ.

ಮೊನ್ನೆ ಫೋನ್ ಮಾಡಿ, ಕೆಲಸಗಾರರ ವಾರದ ಕೂಲಿ ಮತ್ತು ಮುಂಗಡದ ಲೆಕ್ಕಕ್ಕೂ ಒಂದು ಹಾಳೆ ಬೇಕು ಎಂದು ಕೇಳಿದರು. ಅದೇ ಕಡತದಲ್ಲಿ ಬೇಡ, ಬೇರೆ ಕಡತ ಮಾಡೋಣ, ವರ್ಷಕ್ಕೊಂದರಂತೆ ಇಟ್ಟರೆ ತೆರೆಯುವುದು ತಡವಾಗುವುದಿಲ್ಲ ಎಂದೆ. ಕಾಲಂಗಳ ಹೆಸರನ್ನು ಅವರೇ ಟೈಪ್ ಮಾಡಿ ಇಟ್ಟಿರುತ್ತಾರಂತೆ. ಸೂತ್ರ ಹಾಕಿಕೊಡಲು ಮುಂದಿನ ಭಾನುವಾರ ಹೋಗಬೇಕು.